ನಡುವೆ ನಡೆಯುವವಳು

ವಡೋದರಾದ ಫತೇಗಂಜ್‌ನಲ್ಲಿ ಸುಲೋಚನಾ ಎಂದು ಕೇಳಿದರೆ ಯಾರಿಗೂ ಗೊತ್ತಾಗಲಿಕ್ಕಿಲ್ಲ. ‘ಬೆನ್ನಿಗೆ ಚೀಲ ಹಾಕ್ಕೊಂಡು ಹೋಗೋ ಮನೆಯವರು’ ಅಂತ ಕೇಳಿ ನೋಡಿ, ಕಾಲೇಜು ಹುಡುಗರಿಗೆ ಪೋಹೆ ಮಾಡಿಕೊಡುವ ಗಾಡಿಯವನೂ ಕೈ ಮಾಡಿ ತೋರಿಸುತ್ತಾನೆ. ದೀಪಾವಳಿಗೆ ಗುಜರಾತಿಗೆ ಗುಜರಾತೇ ಅಂಗಡಿಗೆ ಬೀಗ ಜಡಿದು ಪ್ರವಾಸ ಹೊರಡುತ್ತದಲ್ಲ, ಆಗ ಅಪಾರ್ಟ್‌ಮೆಂಟಿನವರೆಲ್ಲ ಗಾಲಿ ಸೂಟ್‌ಕೇಸು ಎಳೆದುಕೊಂಡು ಗೋವಾಕ್ಕೋ ಉದಯಪುರಕ್ಕೋ ಹೋದರೆ, ಈ ಮನೆಯ ನಾಲ್ವರು ಡೇರೆ, ಸ್ಟವ್, ಪಾತ್ರೆ, ಅಕ್ಕಿ, ಖಾಖ್ರಾ, ಶೇಂಗಾ ಚಟ್ನಿ ಎಲ್ಲ ಬೆನ್ನ ಮೇಲೆ ಹೇರಿಕೊಂಡು ಬೆಟ್ಟ ಹತ್ತಲು ಹೋಗುತ್ತಿದ್ದರು.

ಮಕ್ಕಳ ಚೀಲಗಳನ್ನು ಹೊಲಿದವಳು ಸುಲೋಚನಾಳೇ. ಆ ಅಳತೆಯದು ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಅವಳ ತಮ್ಮ ಚೇತನ್ ಸೂರತ್ತಿನ ಪಾಂಡೇಸರಾದಲ್ಲಿ ಒಂದು ಬಣ್ಣದ ಮಿಲ್ಲಿನಲ್ಲಿದ್ದಾನೆ. ಬಣ್ಣ ಸರಿಯಾಗಿ ಹತ್ತದೆ ಮೂಲೆಗೆ ಬಿದ್ದ ಬಟ್ಟೆ ಕಳಿಸುತ್ತಿದ್ದ. ಹಾಗಾಗಿ ಮಗಳು ಮೇದಿನಿಯ ಚೀಲ ಒಂದು ಮಗ್ಗುಲಿಗೆ ಕಿತ್ತಳೆ, ಇನ್ನೊಂದು ಮಗ್ಗುಲಿಗೆ ಸೀರೆಗೆಂದು ಅಚ್ಚಾದ ದೊಡ್ಡ ದೊಡ್ಡ ಗುಲಾಬಿ. ಮಗ ನಿತಿನ್ ಅದನ್ನು ನೋಡಿದಾಗಲೆಲ್ಲ, ‘ಇವಳು ಸೀರೆ ಉಟ್ಟುಕೊಂಡು ಬೆಟ್ಟ ಹತ್ತುತ್ತಾಳೆ’ ಎಂದು ಗುಜರಾತಿಯಲ್ಲಿ ರೇಗಿಸುತ್ತಿದ್ದ.

ಹೌದು, ಗುಜರಾತಿಯಲ್ಲಿ. ತೊಂದರೆ ಇದ್ದದ್ದು ಅಲ್ಲೇ.

ಗಂಡ ಲಿಂಗರಾಜ ಗದಗಿನವನು, ರೈಲ್ವೆಯ ಸಿಗ್ನಲ್ ವಿಭಾಗದಲ್ಲಿ ಕೆಲಸ. ಮದುವೆಯಾದ ಹೊಸದರಲ್ಲಿ ವಡೋದರಾಕ್ಕೆ ವರ್ಗವಾಗಿ ಬಂದವನು ಇಲ್ಲೇ ಬೇರು ಬಿಟ್ಟ. ಬೇರು ಬಿಟ್ಟನೇ ಹೊರತು ಈ ಊರಿನ ಮಾತು ಮಾತ್ರ ಅವನ ಬಾಯಿಗೆ ಹತ್ತಲಿಲ್ಲ. ಗುಜರಾತಿ ತರಕಾರಿ ಕೊಳ್ಳುವಷ್ಟು, ಹಿಂದಿ ಆಫೀಸು ದಾಟುವಷ್ಟು. ಮಕ್ಕಳು ಹುಟ್ಟಿದ್ದು ಇಲ್ಲಿ, ಓದುವುದು ಇಲ್ಲಿ, ಆಡುವುದು ಕೆಳಗಿನ ಮನೆಯ ಸರಸ್ವತಿಬೆನ್ ಅವರ ಮೊಮ್ಮಕ್ಕಳ ಜೊತೆ. ಅವನು ಸಂಜೆ ಬಂದು ಶೂ ಬಿಚ್ಚುತ್ತಾ, “ಗಾಡಿ ಬಹುತ್ ಲೇಟ್ ಆತಾ ಹೈ ಆಜ್‌ಕಲ್” ಎಂದರೆ ಮಗ ಪುಸ್ತಕದಿಂದ ತಲೆಯೆತ್ತದೆ, “ಆತೀ ಹೈ, ಪಪ್ಪಾ. ಗಾಡಿ ಆತೀ ಹೈ” ಎಂದು ತಿದ್ದುತ್ತಿದ್ದ. ಮಗಳು ಕಿಸಕ್ಕನೆ ನಗುತ್ತಿದ್ದಳು. ರೈಲಿನ ಜೊತೆಯೇ ಬದುಕು ಕಳೆಯುವ ಮನುಷ್ಯನಿಗೆ ರೈಲು ಹೆಣ್ಣೋ ಗಂಡೋ ಅಂತ ಹತ್ತು ವರ್ಷದ ಮಗ ಪಾಠ ಹೇಳಿದರೆ ಹೇಗಾಗಬೇಡ! ಅವನು ಮಾತು ನಿಲ್ಲಿಸಿ ಟೀವಿ ಹಾಕುತ್ತಿದ್ದ. ದಿನ ಹೋದಂತೆ ಶೂ ಬಿಚ್ಚುವ ಮೊದಲೇ ಟೀವಿ ಹಾಕತೊಡಗಿದ.

ಸುಲೋಚನಾ ಇದನ್ನೆಲ್ಲ ಅಡುಗೆಮನೆಯ ಬಾಗಿಲಿನಿಂದ ನೋಡುತ್ತಿದ್ದಳು. ಅವಳಿಗೆ ಎರಡೂ ಕಡೆಯ ಮಾತು ಬರುತ್ತಿತ್ತು. ಗಂಡನ ಜೊತೆ ಗದಗಿನ ಕನ್ನಡ, ಮಕ್ಕಳ ಜೊತೆ ಗುಜರಾತಿ. ಒಂದೇ ಮನೆಯಲ್ಲಿ ಎರಡು ಮನೆ, ನಡುವಿನ ಬಾಗಿಲು ಅವಳು.

ಅವಳೂ ಪ್ರಯತ್ನ ಮಾಡದೇ ಇರಲಿಲ್ಲ. ಒಂದು ಬೇಸಿಗೆ ಪೂರ್ತಿ ಊಟದ ಹೊತ್ತಿಗೆ ಕನ್ನಡ ಕಲಿಸಲು ಕೂತಳು. “ಹಾಲು ಕುಡಿ” ಎಂದು ಲೋಟ ಕೊಟ್ಟರೆ ಮೇದಿನಿ ಲೋಟ ಅಲ್ಲೇ ಇಟ್ಟು ಎದ್ದು ಬಾಗಿಲ ಕಡೆ ನಡೆದುಬಿಟ್ಟಳು! ಯಾಕೆಂದರೆ ಸರಸ್ವತಿಬೆನ್ ಕಾಠಿಯಾವಾಡದವರು, ಅವರ ಮಾತಿನಲ್ಲಿ ‘ಹಾಲೋ’ ಅಂದರೆ ನಡಿ, ಹೋಗೋಣ ಅಂತ. ಮಕ್ಕಳು ಬಿದ್ದು ಬಿದ್ದು ನಕ್ಕರು, ಸುಲೋಚನಾಳೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲಿಂದ ಹಾಲಿನ ಲೋಟ ಕಂಡರೆ ಸಾಕು, ಇಬ್ಬರೂ “ಹಾಲೋ ಹಾಲೋ” ಎಂದು ಮೆರವಣಿಗೆ ಹೊರಡುತ್ತಿದ್ದರು. ಕನ್ನಡದ ಪಾಠ ಅಲ್ಲಿಗೆ ಮುಗಿಯಿತು.

ಆಗಲೇ ಲಿಂಗರಾಜನಿಗೆ ಬೆಟ್ಟದ ಯೋಚನೆ ಬಂದದ್ದು. ಮೊದಲು ಹೋದದ್ದು ಹತ್ತಿರದ ಪಾವಾಗಢಕ್ಕೆ, ಜನ ಹೋಗುವ ಮೆಟ್ಟಿಲು ಬಿಟ್ಟು ಹಿಂದಿನ ಕಾಲುದಾರಿಯಲ್ಲಿ. ಬುಡದಲ್ಲಿ ನಿಂತು, ಸೊಂಟಕ್ಕೆ ಕೈಯಿಟ್ಟು ಹೇಳಿದ:

“ಇಲ್ನೋಡ್ರಿ. ಗುಡ್ಡದ ಮ್ಯಾಲ ಒಂದ ಕಾನೂನು. ಕನ್ನಡ ಬಿಟ್ಟು ಬ್ಯಾರೆ ಮಾತಿಲ್ಲ. ಇವತ್ತಿಂದ ಜಾರಿ. ತಿಳೀತೇನು?”

“ಹೂಂ, ಪಪ್ಪಾ” ಎಂದರು ಮಕ್ಕಳು. ಏನು ತಿಳಿಯಿತೋ ದೇವರೇ ಬಲ್ಲ.

ಅವನು ಮುಂದೆ ಹೊರಟ. ಅವನ ಚೀಲ ತಲೆಗಿಂತ ಎತ್ತರ, ಮೇಲೆ ಡೇರೆಯ ಸುರುಳಿ. ಅದನ್ನು ಹೊತ್ತುಕೊಂಡರೆ ಕತ್ತು ತಿರುಗಿಸುವುದೇ ಕಷ್ಟ, ಹಾಗಾಗಿ ಹಿಂದೆ ನೋಡದೆ ಮುಂದಿನಿಂದಲೇ ಕೂಗಿ ಹೇಳುವುದು ಅವನ ಪದ್ಧತಿ. “ಎಡಕ್ಕ ಹಿಡೀರಿ!” ಎಂದ. ಮಕ್ಕಳು ನಿಂತಲ್ಲೇ ನಿಂತು ಅಮ್ಮನ ಮುಖ ನೋಡಿದರು. ನಡುವೆ ಇದ್ದ ಸುಲೋಚನಾ ಏನೂ ಯೋಚಿಸದೆ ಎಡಗೈ ಚಾಚಿದಳು. ಮಕ್ಕಳು ಎಡಕ್ಕೆ ಬಂದರು. “ಕಲ್ಲ ಅಲಗ್ಯಾಡ್ತೈತಿ!” ಎಂದ. ಅವಳು ಬೆನ್ನ ಹಿಂದೆ ಅಂಗೈ ಗಡಗಡ ನಡುಗಿಸಿದಳು. ಮಕ್ಕಳು ಆ ಕಲ್ಲು ಬಿಟ್ಟು ಪಕ್ಕದ್ದರ ಮೇಲೆ ಕಾಲಿಟ್ಟರು. “ಬಂದ್ರೇನು?” ಎಂದ. “ಹೂಂ, ಪಪ್ಪಾ!” ಎಂದು ಎರಡು ದನಿ ಒಟ್ಟಿಗೆ ಬಂತು.

ಆ ದನಿ ಕೇಳಿ ಅವನ ಬೆನ್ನು ನೆಟ್ಟಗಾದದ್ದನ್ನು ಅವಳು ಕಂಡಳು. ಅಷ್ಟು ದೊಡ್ಡ ಚೀಲದ ಕೆಳಗೂ ಕಂಡಿತು. ಮೇಲೆ ಹೋಗಿ ಕೂತಾಗ ಅವನು ತಾನು ಹುಡುಗನಾಗಿದ್ದಾಗ ಗುಡ್ಡದಲ್ಲಿ ಕವಳಿಹಣ್ಣು ಕದ್ದು ತಿಂದ ಕತೆ ಹೇಳಿದ, ಕೈಕಾಲು ಆಡಿಸಿ, ಕಣ್ಣು ಅರಳಿಸಿ. ಮಕ್ಕಳಿಗೆ ಕತೆ ತಿಳಿಯದಿದ್ದರೂ ಅಪ್ಪ ಹೀಗೂ ಇರಬಲ್ಲ ಅನ್ನುವುದೇ ಒಂದು ತಮಾಷೆ. ಅಮ್ಮ ನಕ್ಕಲ್ಲಿ ಅವರೂ ನಕ್ಕರು. ಮೇದಿನಿ ಅವನ ತೊಡೆಯ ಮೇಲೆ ನಿದ್ದೆ ಹೋದಳು. ವಡೋದರಾದ ಮನೆಯಲ್ಲಿ ಅವಳು ಹಾಗೆ ಮಲಗಿದ್ದೇ ಇಲ್ಲ.

ಅಂದೇ ಸುಲೋಚನಾ ತೀರ್ಮಾನಿಸಿದಳು: ಇದು ಹೀಗೇ ನಡೆಯಲಿ. ಗಂಡನಿಗೆ ಮಕ್ಕಳು ಸಿಗುವುದು ಇಲ್ಲೊಂದೇ ಕಡೆ. ಅದಕ್ಕೆ ತಾನು ನಡುವೆ ನಡೆಯಬೇಕು, ಅಷ್ಟೇ ತಾನೇ? ನಡೆದರಾಯಿತು.

ನಡೆದಳು. ಡಾಂಗ್ ಕಾಡಿನ ಬೆಟ್ಟ, ಗಿರ್ನಾರಿನ ತಪ್ಪಲು, ಒಂದು ವರ್ಷ ಹಿಮಾಚಲದವರೆಗೂ. ಪ್ರತಿ ಸಲ ಕೈಗೆ ಒಂದೆರಡು ಹೊಸ ಮಾತು ಸೇರುತ್ತಿದ್ದವು. ಮುಷ್ಟಿ ಅಂದರೆ ನಿಲ್ಲು. ಹೆಬ್ಬೆರಳು ತುಟಿಗೆ ಅಂದರೆ ನೀರು ಕುಡಿ. ಅಂಗೈ ಮಗುಚಿ ಮುಂದಕ್ಕೆ ಸರ್ರನೆ ಜಾರಿಸಿದರೆ, ಇಲ್ಲಿ ಜಾರುತ್ತೆ, ಕೂತು ದಾಟು. ಮಕ್ಕಳು ಬೆಟ್ಟದಲ್ಲಿ ಅಷ್ಟು ಚುರುಕಾಗಿ ಕಲಿತದ್ದು ಕನ್ನಡವನ್ನಲ್ಲ, ಅಮ್ಮನ ಕೈಯನ್ನು. ಕೆಲಸ ಎಷ್ಟು ನುಣುಪಾಗಿ ನಡೆಯುತ್ತಿತ್ತೆಂದರೆ ಕೆಲವೊಮ್ಮೆ ಸುಲೋಚನಾಳಿಗೇ ಮಕ್ಕಳಿಗೆ ಕನ್ನಡ ಬರುತ್ತದೆ ಅನ್ನಿಸಿಬಿಡುತ್ತಿತ್ತು.

ಲಿಂಗರಾಜನಿಗಂತೂ ಅನುಮಾನವೇ ಇರಲಿಲ್ಲ. ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ಬೇರೆಯವರು ತಮ್ಮ ಮಕ್ಕಳಿಗೆ ಕನ್ನಡ ಬರುವುದಿಲ್ಲವೆಂದು ಗೋಳಾಡುವಾಗ ಇವನು ಕಾಲ ಮೇಲೆ ಕಾಲು ಹಾಕಿ ಹೇಳುತ್ತಿದ್ದ, “ಮನ್ಯಾಗ ಕಲಿಸಿದ್ರ ಬರಂಗಿಲ್ರಿ. ಗುಡ್ಡಕ್ಕ ಕರ್ಕೊಂಡ ಹೋಗ್ರಿ. ನಮ್ಮವ್ರು ಅಲ್ಲಿ ಕನ್ನಡ ಬಿಟ್ಟು ಉಸರೂ ಬಿಡಂಗಿಲ್ಲ.”

ಬ್ಯಾಂಕಿನಲ್ಲಿದ್ದ ಮಂಡ್ಯದ ರಾಮಕೃಷ್ಣ ಕಾಲೆಳೆಯಲು ಕಾಯುತ್ತಲೇ ಇರುತ್ತಿದ್ದರು. “ಎಲ್ಲಿ, ಒಂದ್ಸಲ ಮಾತಾಡ್ಸಿ ನೋಡೋಣ. ಏನ್ ಮರಿ, ಊಟ ಆಯ್ತಾ?”

ನಿತಿನ್ ಕಣ್ಣು ಅಮ್ಮನ ಕಡೆ ಹೋಯಿತು. ಅವಳು ಸೆರಗು ಸರಿಮಾಡುವವಳ ಹಾಗೆ ಬೆರಳು ಬಾಯಿಗೆ ಮುಟ್ಟಿಸಿ ತಲೆಯಾಡಿಸಿದಳು.

“ಹೂಂ, ಅಂಕಲ್” ಎಂದ ನಿತಿನ್.

“ನೋಡ್ರೆಪಾ!” ಎಂದ ಲಿಂಗರಾಜ.

“ಹೂಂ ಅನ್ನೋಕೆ ಕನ್ನಡ ಯಾಕ್ರೀ ಬೇಕು? ನಮ್ಮನೆ ಎಮ್ಮೇನೂ ಅಂತಿತ್ತು” ಎಂದು ರಾಮಕೃಷ್ಣ ನಕ್ಕರು. ಎಲ್ಲರೂ ನಕ್ಕರು. ಸುಲೋಚನಾ ಮಾತ್ರ ಮಗನನ್ನು ತನ್ನ ಪಕ್ಕಕ್ಕೆ ಎಳೆದುಕೊಂಡಳು.

ಈ ಸಲದ ದೀಪಾವಳಿಗೆ ಮೊದಲು ಅವಳ ಬಲಮೊಣಕಾಲಿನಲ್ಲಿ ನೀರು ತುಂಬಿತು. ಹೋಗುವುದೇ ಬೇಡ ಎಂದು ನೋಡಿದಳು.

“ಈ ವರ್ಷ ಬ್ಯಾಡ್ರಿ. ಚೇತನ್ ಕರ್ಯಾಕತ್ತಾನ, ಸೂರತ್ತಿಗೆ ಹೋಗಿ ನಾಕ್ ದಿನ ಇದ್ದ ಬರೂಣು.”

“ಪಾಂಡೇಸರಾದ ಹೊಗಿ ಕುಡ್ಯಾಕ ರಜಾ ಹಾಕ್ಲ್ಯಾ?” ಎಂದ ಅವನು. “ನೀ ಡೇರೇದಾಗ ಕಾಲ ಚಾಚಿ ಕೂಡು. ಮ್ಯಾಲ ಹೋಗಿ ನಾವ್ ಮೂರ್ ಮಂದಿ ನೋಡಿ ಬರ್ತೀವಿ. ಮಕ್ಕಳೇನ್ ಸಣ್ಣವ್ರ ಈಗ?”

ಆಗಲಾದರೂ ಹೇಳಿಬಿಡಬಹುದಿತ್ತಲ್ಲ! ರೀ, ಅವರಿಗೆ ನಿಮ್ಮ ಮಾತು ತಿಳಿಯುವುದಿಲ್ಲ, ತಿಳಿಯುವುದು ನನ್ನ ಕೈ ಅಂತ. ಆದರೆ ಅವನು ನೆಲದ ಮೇಲೆ ಕೂತು ಮೇದಿನಿಯ ಗುಲಾಬಿ ಚೀಲದ ಪಟ್ಟಿ ಉದ್ದ ಮಾಡುತ್ತಿದ್ದ, ಹುಡುಗಿ ಬೆಳೆದಿದ್ದಳಲ್ಲ. ಅದೇನೋ ಹಳೆಯ ಹಾಡು ಗುನುಗುತ್ತಿದ್ದ. ಅವಳು ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡಳು. ತಾನೂ ಬರುತ್ತೇನೆ, ನಡುವೆ ಹೇಗಾದರೂ ಕುಂಟಿಕೊಂಡು ನಡೆಯುತ್ತೇನೆ ಎಂದು ಲೆಕ್ಕ ಹಾಕಿದಳು.

ಅಬು ರೋಡ್‌ನಲ್ಲಿ ಇಳಿದು, ಜೀಪಿನಲ್ಲಿ ಅರಾವಳಿಯ ಒಂದು ಮಗ್ಗುಲಿಗೆ ಹೋಗಿ, ಮೊದಲ ದಿನ ತೊರೆಯ ದಂಡೆಯವರೆಗೆ ನಡೆದರು. ಅಷ್ಟಕ್ಕೇ ಮೊಣಕಾಲು ಸೋರೆಕಾಯಿಯಾಯಿತು. ಮರುದಿನ ಬೆಳಿಗ್ಗೆ ಅವಳಿಗೆ ಎದ್ದು ನಿಲ್ಲಲೂ ಆಗಲಿಲ್ಲ. ಲಿಂಗರಾಜ ಚಹಾ ಕಾಸಿ ಅವಳ ಕೈಗಿತ್ತ, ಕಾಲಿನ ಕೆಳಗೆ ತನ್ನ ಜಾಕೆಟ್ ಮಡಚಿಟ್ಟ. ಒಳ್ಳೆಯ ಗಂಡನೇ, ಅದರಲ್ಲಿ ಎರಡು ಮಾತಿಲ್ಲ.

“ಹಿಂದ ನೋಡ್ಕೋತ ಹೋಗ್ರಿ” ಎಂದಳು ಅವಳು.

“ಹಿಂದ್ಯಾಕ ನೋಡ್ಲಿ? ನಾ ಹೇಳಿದ್ದ ಅವ್ರಿಗೆ ಕೇಳಸ್ತೈತಲ್ಲ.”

“ಕೇಳಸ್ತೈತ್ರಿ. ಆದ್ರೂ...”

“ಆದ್ರೂ ಏನು? ನಿನಗ ಮಕ್ಕಳ ಮ್ಯಾಲ ನಂಬಿಕಿನ ಇಲ್ಲ ನೋಡು.”

ಅವನು ಶೂ ಕಟ್ಟಿಕೊಳ್ಳುವಾಗ ಅವಳು ನಿತಿನ್‌ನನ್ನು ಹತ್ತಿರ ಕರೆದಳು. ಹದಿಮೂರರ ಹುಡುಗ, ಎಲ್ಲ ತಿಳಿಯುವ ವಯಸ್ಸು. ಅವನ ಕಿವಿಯಲ್ಲಿ ಗುಜರಾತಿಯಲ್ಲಿ ಹೇಳಿದಳು, ಪಪ್ಪ ಹೇಳಿದ್ದು ತಿಳಿಯದಿದ್ದರೆ ನಿಂತು ಕೇಳು, ನಾಚಿಕೊಳ್ಳಬೇಡ.

“ಪೂಛೀಶುಂ ತೋ ಖಬರ್ ಪಡೀ ಜಶೇ, ಮಮ್ಮೀ” ಎಂದ ಅವನು. ಕೇಳಿದರೆ ಪಪ್ಪನಿಗೆ ಗೊತ್ತಾಗಿಬಿಡುತ್ತಲ್ಲ ಅಮ್ಮಾ, ಅಂತ.

ತಾನೇ ಕಟ್ಟಿದ ಗುಟ್ಟನ್ನು ಮಗ ತನಗಿಂತ ಚೆನ್ನಾಗಿ ಕಾಯುತ್ತಿದ್ದ.

ಮೂವರೂ ತೊರೆಯ ಗುಂಟ ಮೇಲೆ ಹೋದರು. ಸುಲೋಚನಾ ಡೇರೆಯ ಬಾಗಿಲಲ್ಲಿ ಕೂತು ಮೇದಿನಿಯ ಚೀಲದ ಕಿತ್ತಳೆ ಚುಕ್ಕೆ ಬಂಡೆಗಳ ನಡುವೆ ಹತ್ತುವುದನ್ನು ನೋಡಿದಳು. ಮಳೆಗಾಲದ ನೀರು ಇನ್ನೂ ಹರಿಯುತ್ತಿತ್ತು, ಬಂಡೆಗಳ ಮೇಲೆ ಹಸಿರು ಪಾಚಿ. ಒಂದು ಕಡೆ ತೊರೆ ದಾಟಿ ಆಚೆ ಹೋಗಬೇಕು. ಲಿಂಗರಾಜ ದಾಟಿ ಮುಂದೆ ಹೋದ. ನಿತಿನ್ ದಾಟಿದ. ಕಿತ್ತಳೆ ಚುಕ್ಕೆ ಈಚೆ ದಂಡೆಯಲ್ಲಿ ನಿಂತಿತು.

ಆಗ ಗಾಳಿಯಲ್ಲಿ ಅವನ ದನಿ ಕೆಳಗಿನವರೆಗೂ ತೇಲಿಬಂತು.

“ಜಾರೀ! ಮೇದಿನೀ... ಜಾರೀ!”

ಡೇರೆಯ ಬಾಗಿಲಲ್ಲಿ ಕೂತಿದ್ದ ಸುಲೋಚನಾಳ ಬಲಗೈ ತಾನಾಗಿಯೇ ಎದ್ದಿತು. ಅಂಗೈ ಮಗುಚಿ ಗಾಳಿಯಲ್ಲಿ ಮುಂದಕ್ಕೆ ಸರಿಯಿತು. ನೋಡುವವರು ಯಾರೂ ಇರಲಿಲ್ಲ.

ಕಿತ್ತಳೆ ಚುಕ್ಕೆ ಒಂದು ಗಳಿಗೆ ನಿಂತಿತ್ತು. ಆಮೇಲೆ ನೆಟ್ಟಗೆ, ಓಡುತ್ತಾ, ಪಾಚಿಯ ಬಂಡೆಯ ಮೇಲೆ ಹೋಯಿತು.

ಮೇದಿನಿಯ ಎಡಗಾಲಿನ ಮೂಳೆ ಮೊಣಕಾಲಿನ ಕೆಳಗೆ ಎರಡು ಕಡೆ ಮುರಿದಿತ್ತು. ಲಿಂಗರಾಜ ಮಗಳನ್ನು ಬೆನ್ನ ಮೇಲೆ ಹೊತ್ತು ತಂದ. ತನ್ನ ಚೀಲವನ್ನು ಅಲ್ಲೇ ಎಸೆದು ಬಂದಿದ್ದ. ಅಬು ರೋಡ್‌ನಲ್ಲಿ ಕಾಲಿಗೆ ಹಲಗೆ ಕಟ್ಟಿ ಅಹಮದಾಬಾದಿಗೆ ಒಯ್ಯಲು ಹೇಳಿದರು. ಆಂಬುಲೆನ್ಸಿನ ದಾರಿಯುದ್ದಕ್ಕೂ ಅವನು ಒಂದೇ ಮಾತು ಹೇಳುತ್ತಿದ್ದ, “ಜಾರೀ ಅಂತ ಹೇಳಿದ್ನೆಲ್ಲ. ಎರಡ್ ಸಲ ಹೇಳಿದೆ. ಓಡಿ ಬಂದಳಲ್ಲ ಹುಡುಗಿ, ಹೇಳಿದ ಮ್ಯಾಲೂ ಓಡಿ ಬಂದಳಲ್ಲ.” ಸುಲೋಚನಾ ಮಗಳ ತಲೆ ಸವರುತ್ತಾ ಕೂತಿದ್ದಳು. ನಿತಿನ್ ಅಮ್ಮನ ಮುಖ ನೋಡಲಿಲ್ಲ.

ಅಹಮದಾಬಾದಿನ ಆಸ್ಪತ್ರೆಯಲ್ಲಿ ಡಾಕ್ಟರು ನೇಹಾ ಅಂತ, ಚಿಕ್ಕ ವಯಸ್ಸಿನವರು, ನಗುಮುಖದವರು. ಮಗುವಿನ ಕೆನ್ನೆ ತಟ್ಟಿ ಗುಜರಾತಿಯಲ್ಲಿ ಕೇಳಿದರು, ಹೇಗೆ ಬಿದ್ದೆ ಪುಟ್ಟಾ?

“ಪಪ್ಪಾಯೇ ಕಹ್ಯುಂ ಜಾ ರೇ, ಏಟಲೇ ಹುಂ ಗಯೀ” ಎಂದಳು ಮೇದಿನಿ.

ಪಪ್ಪ ‘ಹೋಗೇ’ ಅಂದರು, ಅದಕ್ಕೆ ಹೋದೆ.

ಅಷ್ಟು ಗುಜರಾತಿ ಲಿಂಗರಾಜನಿಗೂ ತಿಳಿಯುತ್ತಿತ್ತು. ಅವನು ಕುರ್ಚಿಯಿಂದ ಎದ್ದುಬಿಟ್ಟ. “ನಾ ಎಲ್ಲಿ ಹೋಗಂದೆ? ಡಾಕ್ಟರ್ ಸಾಬ್, ಮೈನೇ ಜಾರೀ ಬೋಲಾ! ಜಾರೀ!”

ಡಾಕ್ಟರು ಅರ್ಥವಾಯಿತು ಅನ್ನುವಂತೆ ತಲೆಯಾಡಿಸಿದರು. “ಹಾ, ಜಾರೀ. ಮತ್ಲಬ್ ಚಾಲೂ ರಖೋ. ವಹೀ ತೋ ಬೇಬಿ ಬೋಲ್ ರಹೀ ಹೈ.”

ಹಿಂದಿಯಲ್ಲಿ ಜಾರೀ ಅಂದರೆ ನಿಲ್ಲಬೇಡ, ಮುಂದುವರಿ. ಗುಜರಾತಿಯಲ್ಲೂ ಅದೇ. ಆ ಕೋಣೆಯಲ್ಲಿ ಆ ಮಾತಿಗೆ ಹುಷಾರು, ಜಾರಿ ಬೀಳುತ್ತೀ ಎಂಬ ಅರ್ಥ ಇದ್ದದ್ದು ಇಬ್ಬರಿಗೆ ಮಾತ್ರ. ಒಬ್ಬ ಬಾಯಿ ತೆರೆದು ನಿಂತಿದ್ದ, ಇನ್ನೊಬ್ಬಳು ನೆಲ ನೋಡುತ್ತಿದ್ದಳು.

ಆಪರೇಷನ್ ಆಯಿತು. ಮೂಳೆಗೆ ಪಟ್ಟಿ, ತಿರುಪು ಹಾಕಿದರು, ಮತ್ತೆ ನಡೆಯುತ್ತಾಳೆ ಎಂದರು. ಮಾರನೆಯ ಸಂಜೆ ಮೇದಿನಿ ದಿಂಬಿಗೆ ಒರಗಿ ಕೂತು ಹಣ್ಣು ತಿನ್ನುವಾಗ ಲಿಂಗರಾಜ ಕುರ್ಚಿ ಎಳೆದುಕೊಂಡು ಅವಳ ಎದುರು ಕೂತ. ಅವನಿಗೆ ರಾತ್ರಿಯೆಲ್ಲ ನಿದ್ದೆ ಹತ್ತಿರಲಿಲ್ಲ ಅನ್ನುವುದು ಕಣ್ಣಲ್ಲೇ ಕಾಣುತ್ತಿತ್ತು. ಸುಲೋಚನಾ ಅವನ ಬೆನ್ನ ಹಿಂದೆ, ಗೋಡೆಗೆ ಒರಗಿ ನಿಂತಿದ್ದಳು.

“ಅವ್ವೀ, ಒಂದ್ ಮಾತ ಹೇಳು. ಜಾರೂದು ಅಂದ್ರ ಏನು?”

ಮೇದಿನಿ ಅವನ ಹೆಗಲ ಮೇಲಿಂದ ಅಮ್ಮನನ್ನು ನೋಡಿದಳು. ಸುಲೋಚನಾಳ ಅಂಗೈ ಸರ್ರನೆ ಸರಿಯಿತು.

“ಸ್ಲಿಪ್!”

ಅವನ ಮುಖ ಕೊಂಚ ಬೆಳಗಿತು. “ಹಂಗಾದ್ರ ಗೊತ್ತೈತಿ ನಿನಗ! ಗಾಳ್ಯಾಗ ಬರೋಬ್ಬರಿ ಕೇಳಿಸಿಲ್ಲ, ಅಷ್ಟ. ಅಲಗ್ಯಾಡೂದು ಅಂದ್ರ?”

ಹಿಂದೆ ಸುಲೋಚನಾ ಅಂಗೈ ಗಡಗಡ ಆಡಿಸಿದಳು. “ಹಿಲ್ನಾ.”

“ಶಾಣ್ಯಾ ನನ್ನ ಮಗಳ!” ಎಂದು ನಕ್ಕ. ನಗುತ್ತಲೇ ಹುಡುಗಿಯ ಕಣ್ಣು ಪದೇ ಪದೇ ಎಲ್ಲಿಗೆ ಹೋಗುತ್ತಿದೆ ಎಂದು ನೋಡಿದ. ಅವನಿಗೆ ಎದುರಾಗಿ, ಮಂಚದ ಆಚೆ ಗೋಡೆಯ ಮೇಲೆ ಆರಿಸಿಟ್ಟ ಟೀವಿ. ಅದರ ಕಪ್ಪು ಗಾಜಿನಲ್ಲಿ ಅವನೇ ಕಾಣುತ್ತಿದ್ದ, ಅವನ ಹಿಂದೆ ಅವಳು ಕಾಣುತ್ತಿದ್ದಳು, ಅವಳ ಕೈ ಇನ್ನೂ ಎದೆಯ ಮಟ್ಟದಲ್ಲಿ ಎತ್ತಿಯೇ ಇತ್ತು.

ಅವನು ತಿರುಗಲಿಲ್ಲ. ಬಹಳ ಮೆತ್ತಗೆ ಹೇಳಿದ, “ಸುಲೂ, ನೀ ಹೊರಗ ಹೋಗು.”

“ರೀ...”

“ಹೋಗು ಅಂದೆ.”

ಅವಳು ಹೊರಗೆ ಬಂದು ಪರದೆಯ ಆಚೆ ನಿಂತಳು. ಒಳಗೆ ಕುರ್ಚಿ ಸರಿದ ಸದ್ದು ಕೇಳಿಸಿತು. ಆಮೇಲೆ ಅವನ ದನಿ.

“ನಿಲ್ಲು ಅಂದ್ರ ಏನವ್ವಾ?”

ಉತ್ತರವಿಲ್ಲ.

“ಹೋಗ್ಲಿ. ನೀರು ಅಂದ್ರ? ... ಅಪ್ಪ ಅಂದ್ರ?”

ಎಷ್ಟೋ ಹೊತ್ತಿನ ಮೇಲೆ, ಅಪ್ಪನಿಗೆ ಖುಷಿಯಾಗಲಿ ಎಂದು ಬಹಳ ಪ್ರೀತಿಯಿಂದ ಮೇದಿನಿ ಹೇಳಿದ್ದು ಕೇಳಿಸಿತು:

“ಹೂಂ, ಪಪ್ಪಾ.”

ಅವನು ಹೊರಗೆ ಬಂದ. ಕಾರಿಡಾರಿನ ಬೆಂಚಿನ ತುದಿಯಲ್ಲಿ ಕೂತ. ಅವಳು ಇನ್ನೊಂದು ತುದಿಯಲ್ಲಿ ಕೂತಳು.

“ಯಾವಾಗಿಂದ?”

“ಪಾವಾಗಢದಿಂದ್ರಿ.”

“ಅಂದ್ರ ಮೊದಲಿಂದ.”

“ಹೂಂ.”

“ಹೂಂ ಅನಬ್ಯಾಡ ನೀ” ಎಂದ. ಆಮೇಲೆ ನಕ್ಕ. ಅಂಥ ನಗು ಅವಳು ಹಿಂದೆ ಕೇಳಿರಲಿಲ್ಲ. “ಸಿಗ್ನಲ್ ಇಲಾಖೆಯಾಂವ ನಾ. ನನ್ನ ಬೆನ್ನ ಹಿಂದ ಇಷ್ಟ್ ವರ್ಷ ಸಿಗ್ನಲ್ ನಡದೈತಿ, ನನಗ ಗೊತ್ತಿಲ್ಲ. ಕವಳಿಹಣ್ಣಿನ ಕತಿ ಹೇಳ್ತಿದ್ನೆಲ್ಲ, ಆವಾಗ ನಗ್ತಿದ್ರಲ್ಲ...”

“ಅವ್ರು ಖರೇನ ನಗ್ತಿದ್ರು.”

“ನೀ ನಗು ಅಂದಾಗ.”

“ನಿಮ್ಮ ಸಲುವಾಗಿ ಮಾಡೀನ್ರಿ. ನೀವು ಮನ್ಯಾಗ ಟೀವಿ ನೋಡ್ಕೋತ ಕುಂದ್ರತಿದ್ರಿ. ಗುಡ್ಡದ ಮ್ಯಾಲ ಒಂದ ನೀವು ಮನಷ್ಯಾರಂಗ...”

“ನೀ ಒಂದ ಸಲ ಹೇಳಿದ್ದಿ ಅಂದ್ರ ನಾ ಹಿಂದ ತಿರಗಿ ನೋಡ್ತಿದ್ದೆ” ಎಂದ ಅವನು. “ಒಂದ ಸಲ. ಹುಡುಗಿ ಕಾಲು ಉಳೀತಿತ್ತು.”

ಅದಕ್ಕೆ ಅವಳು ಏನು ಹೇಳಬೇಕು? ಹಿಂದೆ ನೋಡಿಕೊಂಡು ಹೋಗಿ ಎಂದಿದ್ದೆನಲ್ಲ ಅನ್ನಬಹುದಿತ್ತು. ಯಾಕೆ ಅಂತ ಹೇಳಿರಲಿಲ್ಲವಲ್ಲ.

ಆ ವರ್ಷ ರಾಜ್ಯೋತ್ಸವಕ್ಕೆ ಲಿಂಗರಾಜ ಹೋಗಲಿಲ್ಲ. ರಾಮಕೃಷ್ಣ ಫೋನ್ ಮಾಡಿ, “ಏನ್ರೀ, ಮಗೂಗೆ ಹೆಂಗಿದೆ? ನಿಮ್ಮ ಗುಡ್ಡದ ಪಾಠಶಾಲೆ ಬಾಗಿಲು ಹಾಕ್ತಾ?” ಎಂದದ್ದಕ್ಕೆ ಫೋನ್ ಸುಲೋಚನಾಳ ಕೈಗೆ ಕೊಟ್ಟು ಎದ್ದು ಹೋದ.

ಎದ್ದು ಹೋದದ್ದು ಕೆಳಗಿನ ಮನೆಗೆ. ಅವತ್ತಿನಿಂದ ದಿನವೂ ಸಂಜೆ ಸರಸ್ವತಿಬೆನ್ ಎದುರು ಕೂತು ಗುಜರಾತಿ ಕಲಿಯತೊಡಗಿದ. ಐವತ್ತರ ಹತ್ತಿರದ ಮನುಷ್ಯ, ಮಗುವಿನ ಹಾಗೆ ತಪ್ಪು ಮಾಡಿ, ತಿದ್ದಿಸಿಕೊಂಡು, ಮತ್ತೆ ತಪ್ಪು ಮಾಡಿ. ಮನೆಗೆ ಬಂದು ಮಕ್ಕಳ ಜೊತೆ ಅದೇ ಮಾತು. ಮಕ್ಕಳಿಗೆ ಹಬ್ಬವೋ ಹಬ್ಬ! ಪಪ್ಪ ಹೆಣ್ಣನ್ನು ಗಂಡು ಮಾಡುವುದು, ಇವರು ತಿದ್ದುವುದು, ಅವನು ಕಿವಿ ಹಿಡಿದುಕೊಳ್ಳುವುದು, ಮೂವರೂ ನಗುವುದು. ಪ್ಲಾಸ್ಟರ್ ಹಾಕಿದ ಕಾಲನ್ನು ಅಪ್ಪನ ತೊಡೆಯ ಮೇಲಿಟ್ಟುಕೊಂಡು ಮೇದಿನಿ ಶಾಲೆಯ ಕತೆ ಹೇಳುತ್ತಿದ್ದಳು. ಟೀವಿಗೆ ಧೂಳು ಹಿಡಿಯಿತು. ‘ನಿನ್ನ ಗಂಡ ಎಷ್ಟು ಬದಲಾದರು ನೋಡು’ ಎಂದು ಸರಸ್ವತಿಬೆನ್ ಮೆಟ್ಟಿಲ ಮೇಲೆ ಸಿಕ್ಕಾಗಲೆಲ್ಲ ಹೇಳುತ್ತಿದ್ದರು. ಸುಲೋಚನಾ ನಗುತ್ತಿದ್ದಳು.

ಅವಳ ಜೊತೆಯೂ ಅವನು ಮಾತು ಬಿಟ್ಟಿರಲಿಲ್ಲ, ಹಾಗೆ ಹೇಳಿದರೆ ತಪ್ಪಾಗುತ್ತದೆ. ನೀರು ಬೇಕು, ಹೊರಡುತ್ತೇನೆ, ಬಂದೆ. ಎಲ್ಲ ಗುಜರಾತಿಯಲ್ಲಿ. ಅವಳು ಕನ್ನಡದಲ್ಲಿ ಕೇಳಿದರೆ ಅವನು ಗುಜರಾತಿಯಲ್ಲಿ ಉತ್ತರ ಕೊಡುತ್ತಿದ್ದ. ಒಂದು ದಿನ ರೊಟ್ಟಿ ಬಡಿಯುತ್ತಾ ಅವಳು, “ಬಿಸಿ ಇದ್ದಾಗ ಉಣ್ಣಬರ್ರಿ” ಎಂದು ಕರೆದಳು. ಅವನು ಬಂದು ಕೂತ, ಉಂಡ, “ಸರಸ್ ಛೇ” ಎಂದ, ಚೆನ್ನಾಗಿದೆ ಅಂತ. ರೊಟ್ಟಿಗೆ ಹಾಗೆ ಹೇಳಿದರೆ ಏನನ್ನಿಸಬೇಕು! ಅವಳು ಕಾವಲಿಯ ಕಡೆ ತಿರುಗಿಕೊಂಡಳು. ಪಾಂಡೇಸರಾದ ತಮ್ಮನಿಗೆ ಫೋನ್ ಮಾಡಿ ಹೊಸ ಬಟ್ಟೆ ಏನಾದರೂ ಬಂದಿದೆಯೇನೋ ಎಂದು ಕೇಳುವ ನೆಪದಲ್ಲಿ ಗಂಟೆಗಟ್ಟಲೆ ಮಾತಾಡುತ್ತಿದ್ದಳು. ಕನ್ನಡ ಮಾತಾಡಬೇಕಿತ್ತು, ಅಷ್ಟೇ.

ಮುಂದಿನ ದೀಪಾವಳಿಗೆ ಮೇದಿನಿಯ ಕಾಲು ಗಟ್ಟಿಯಾಗಿತ್ತು. ದೂರ ಬೇಡ, ಪಾವಾಗಢವೇ ಸಾಕು ಎಂದು ಮಕ್ಕಳೇ ಹೇಳಿದರು. ಅದೇ ಹಿಂದಿನ ಕಾಲುದಾರಿ. ಲಿಂಗರಾಜ ಈ ಸಲ ಸಣ್ಣ ಚೀಲ ಹೊತ್ತಿದ್ದ, ಕತ್ತು ತಿರುಗಿಸುವಂಥದ್ದು. ಹತ್ತು ಹೆಜ್ಜೆಗೊಮ್ಮೆ ಹಿಂದೆ ನೋಡುತ್ತಿದ್ದ. ನೋಡಿದಾಗಲೆಲ್ಲ ಅವನ ಕಣ್ಣು ನಡುವಿನವಳನ್ನು ದಾಟಿ ಮಕ್ಕಳ ಮೇಲೆ ನಿಲ್ಲುತ್ತಿತ್ತು.

ಬೆಳಗಿನ ಇಬ್ಬನಿಗೆ ಕಲ್ಲು ಒದ್ದೆಯಾಗಿದ್ದ ಕಡೆ ಅವನು ನಿಂತ. “ಧ್ಯಾನ್ ರಾಖಜೇ ಬೇಟಾ, ಲಪ್ಸೀ ಜಯೀಶ!” ಎಂದ. ಹುಷಾರು ಮಗಳೇ, ಜಾರೀಯ.

ಸುಲೋಚನಾಳ ಅಂಗೈ ಅಷ್ಟರಲ್ಲೇ ಮಗುಚಿ ಅರ್ಧ ಮುಂದೆ ಸರಿದಿತ್ತು. ಹಿಂದಿನಿಂದ ಮೇದಿನಿ, “ಗೊತ್ತಾಯ್ತು ಪಪ್ಪಾ!” ಎಂದು ಗುಜರಾತಿಯಲ್ಲಿ ಕೂಗಿದಳು. ಅಮ್ಮನ ಕೈಯನ್ನು ಅವಳು ನೋಡಲೂ ಇಲ್ಲ. ಸುಲೋಚನಾ ಕೈಯನ್ನು ಎಳೆದುಕೊಂಡು ಚೀಲದ ಪಟ್ಟಿ ಹಿಡಿದಳು.

“ಮಮ್ಮೀ, ನೀನು ನಿಧಾನ, ಸ್ವಲ್ಪ ದಾರಿ ಬಿಡು” ಎಂದ ನಿತಿನ್, ಅದೂ ಗುಜರಾತಿಯಲ್ಲೇ, ಸಿಟ್ಟಿನಿಂದೇನೂ ಅಲ್ಲ. ಅವಳು ಪಕ್ಕಕ್ಕೆ ಸರಿದು ನಿಂತಳು. ಮಗ ಹೋದ, ಮಗಳು ಹೋದಳು, ಬೆನ್ನ ಮೇಲೆ ಅದೇ ಗುಲಾಬಿ ಚೀಲ. ಮೇಲೆ ಮೂವರ ದನಿ ಕಲೆತು, ಯಾರೋ ಏನೋ ಅಂದು, ಎಲ್ಲರೂ ನಕ್ಕರು.

ಅವಳೀಗ ಸಾಲಿನ ಕೊನೆಯಲ್ಲಿದ್ದಳು. ಒದ್ದೆ ಕಲ್ಲಿನ ಮೇಲೆ ನೋವಿನ ಕಾಲಿಟ್ಟಳು. ಕಾಲು ಚೂರು ಸರಿಯಿತು.

“ಜಾರೀ” ಎಂದಳು, ತನಗೆ ತಾನೇ, ಆದರೂ ಸ್ವಲ್ಪ ಗಟ್ಟಿಯಾಗಿ.

ಮಕ್ಕಳು ನಡೆಯುತ್ತಲೇ ಇದ್ದರು. ಎಲ್ಲರಿಗಿಂತ ಮುಂದಿದ್ದ ಬೆನ್ನೊಂದೇ ಗಕ್ಕನೆ ನಿಂತಿತು. ಅವಳು ಕಲ್ಲಿನ ಮೇಲೆ ಹಾಗೇ ನಿಂತು ಕಾದಳು. ಆ ಬೆನ್ನು ತಿರುಗಲಿಲ್ಲ. ಚೀಲವನ್ನು ಒಮ್ಮೆ ಮೇಲಕ್ಕೆ ಎತ್ತಿಕೊಂಡು ಮುಂದೆ ನಡೆಯಿತು.